ನುಂಗಲು ಕಷ್ಟವಿದ್ದವರೂ ಹಲ್ಲು ತೋರಿಸಬೇಕು

ಲಕ್ವಾ ಹೊಡೆದ ಹಿರಿಯರಿಗೆ ಮನೆಯಲ್ಲಿ ಗುಟುಕು ನೀರು ಕುಡಿಸಿದರೂ ನೆತ್ತಿಗೇರುತ್ತದೆ. ಅಂಥವರನ್ನು ಹಲ್ಲಿನ ಡಾಕ್ಟರು ಕುರ್ಚಿಯಲ್ಲಿ ಮಲಗಿಸಿ ಬಾಯೊಳಗೆ ನೀರು ಬಿಡುತ್ತಾರೆಂದರೆ ಮನೆಯವರು ಹೆದರುವುದು ಸಹಜ. ದೇವದುರ್ಗ, ಮಾನ್ವಿ ಕಡೆಯ ಹಳ್ಳಿಯಿಂದ ರಾಯಚೂರಿಗೆ ಬಸ್ಸಿನಲ್ಲಿ ಕರೆತರುವ ಕಷ್ಟ ಬೇರೆ. ‘ಈ ವಯಸ್ಸಿಗೆ ಹಲ್ಲಿನ ಗೊಡವೆ ಯಾಕೆ’ ಎಂದು ಕೈಬಿಡುತ್ತಾರೆ. ಅಪಾಯ ಹೆಚ್ಚುವುದು ಅಲ್ಲೇ.

ಗಂಟಲಿನಲ್ಲಿ ಗಾಳಿಗೂ ಅನ್ನಕ್ಕೂ ಸ್ವಲ್ಪ ದೂರ ಒಂದೇ ದಾರಿ. ನುಂಗುವಾಗ ಧ್ವನಿಪೆಟ್ಟಿಗೆ ಮೇಲೇರಿ ಶ್ವಾಸನಾಳದ ಬಾಯಿ ಮುಚ್ಚುತ್ತದೆ, ಉಸಿರು ನಿಲ್ಲುತ್ತದೆ, ಸುಮಾರು ಒಂದು ಸೆಕೆಂಡಿನಲ್ಲಿ ತುತ್ತು ಅನ್ನನಾಳ ಸೇರುತ್ತದೆ. ಪಾರ್ಶ್ವವಾಯು, ಪಾರ್ಕಿನ್ಸನ್ ಕಾಯಿಲೆ, ಗಂಟಲಿಗೆ ಕೊಟ್ಟ ರೇಡಿಯೇಶನ್ ಈ ಹೊಂದಾಣಿಕೆಯನ್ನು ಕೆಡಿಸುತ್ತವೆ. ಕೆಲವರಿಗೆ ಕೆಮ್ಮೂ ಬರುವುದಿಲ್ಲ; ಜೊಲ್ಲು ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಅದರೊಂದಿಗೆ ಕೊಳೆತ ಹಲ್ಲಿನ ಬ್ಯಾಕ್ಟೀರಿಯಾಗಳೂ ಇಳಿದರೆ ನ್ಯುಮೋನಿಯಾ ಆಗಬಹುದು. ಜಪಾನಿನ ವೃದ್ಧಾಶ್ರಮಗಳಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಊಟವಾದ ಮೇಲೆಲ್ಲ ಬಾಯಿ ಶುಚಿ ಮಾಡಿಸಿಕೊಂಡ ಹಿರಿಯರಿಗೆ ನ್ಯುಮೋನಿಯಾ ಕಡಿಮೆ ಬಂದಿತ್ತು.

ಆದ್ದರಿಂದ ಹಲ್ಲು ತೋರಿಸಲೇಬೇಕು. ಆದರೆ ನುಂಗುವ ತೊಂದರೆಯನ್ನು ಕುರ್ಚಿ ಏರುವ ಮೊದಲೇ ಹೇಳಬೇಕು. ರಾಯಚೂರಿನಲ್ಲಿ ಎ.ಎಂ.ಇ. ಮತ್ತು ನವೋದಯ ಎಂಬ ಎರಡು ದಂತ ವೈದ್ಯಕೀಯ ಕಾಲೇಜುಗಳಿವೆ. ಎಲ್ಲಿಗೇ ಹೋದರೂ ಕುರ್ಚಿಯನ್ನು ಪೂರ್ತಿ ಮಲಗಿಸದೆ ಅರ್ಧ ಕೂತಂತೆ ಇರಿಸಲು ಕೇಳಿ. ಹಲ್ಲು ಶುಚಿ ಮಾಡುವ ಯಂತ್ರದ ನೀರು ಹೆಚ್ಚಾಗುವುದಾದರೆ ಕೈ ಉಪಕರಣದಿಂದಲೇ ಕರೆ ತೆಗೆಯಬಹುದು. ನೀರು ಹೀರುವ ಕೊಳವೆ ಬಾಯಲ್ಲೇ ಇರಲಿ. ರೋಗಿ ಕೈ ಎತ್ತಿದೊಡನೆ ಕೆಲಸ ನಿಲ್ಲಬೇಕು. ಬೇರುನಾಳದ ಚಿಕಿತ್ಸೆಗೆ ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟಿದರೆ ನೀರಾಗಲಿ ಸೂಜಿಯಾಗಲಿ ಗಂಟಲಿಗೆ ಜಾರದು. ನ್ಯೂಯಾರ್ಕಿನ ಸ್ಯಾನ್‌ಫರ್ಡ್ ಬಾರ್ನಮ್ 1864ರಲ್ಲಿ ಬಳಕೆಗೆ ತಂದ ಈ ಹಾಳೆಯನ್ನು ಇಂದಿಗೂ ಎಲ್ಲೆಡೆ ಬಳಸುವುದಿಲ್ಲ ಎನ್ನುವುದು ಬೇಸರದ ಸಂಗತಿ. ಪಾರ್ಕಿನ್ಸನ್ ಇದ್ದವರು ಮಾತ್ರೆಯ ಪ್ರಭಾವ ಚೆನ್ನಾಗಿರುವ ಹೊತ್ತನ್ನೇ ಕೇಳಿ ಪಡೆಯಲಿ.

ಅಡಿಕೆ, ಗುಟ್ಕಾ ಅಗಿದು ಬಾಯಿಯ ಒಳಪದರ ಬಿಗಿದವರಲ್ಲಿ ಹರೆಯದವರೂ ಇದ್ದಾರೆ. ಬಿಗಿತ ಗಂಟಲಿಗೂ ಹಬ್ಬಿದರೆ ಬಾಯಿ ತೆರೆಯುವುದಷ್ಟೇ ಅಲ್ಲ, ನುಂಗುವುದೂ ಕಷ್ಟ. ಅವರಿಗೂ ಇದೇ ಎಚ್ಚರ ಬೇಕು.

ಮರಗಟ್ಟಿಸುವ ಇಂಜೆಕ್ಷನ್ನಿನ ಪ್ರಭಾವ ಎರಡು ಮೂರು ತಾಸು ಉಳಿಯಬಹುದು. ಅದು ಇಳಿಯುವವರೆಗೆ ಬಸ್ ನಿಲ್ದಾಣದ ಮಿರ್ಚಿ, ಮಂಡಕ್ಕಿ ಬೇಡ, ಚಹಾ ಕೂಡ ಬೇಡ. ಊರು ಸೇರಿದ ಮೇಲೆ ಜ್ವರ, ಏದುಸಿರು, ಗೊರಗೊರ ಧ್ವನಿ ಕಂಡರೆ ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ; ಹಲ್ಲಿನ ಚಿಕಿತ್ಸೆಯಾದದ್ದನ್ನು ಅಲ್ಲಿನ ಡಾಕ್ಟರಿಗೆ ತಿಳಿಸಿ.