ನೆರೆಮನೆ ನೋಡಿ ಸಾಲ ಮಾಡ್ತಾರಾ?

ಗೊರೂರಿನ ಹೇಮಾವತಿ ಅಣೆಕಟ್ಟೆಯ ನಾಲೆ ಬಯಲಿನಲ್ಲಿ ಅಕ್ಕಪಕ್ಕದ ಎರಡು ಮನೆಯವರು ಒಂದೇ ವರ್ಷ ಸಾಲ ಪಡೆದರು ಅಂದುಕೊಳ್ಳಿ. ಒಬ್ಬರನ್ನು ನೋಡಿ ಇನ್ನೊಬ್ಬರು ಎಂದುಬಿಡುತ್ತೇವೆ. ಆದರೆ ನಾಲೆಗೆ ನೀರು ಇಬ್ಬರಿಗೂ ತಡವಾಗಿ ಬಂದಿರಬಹುದು. ಅಥವಾ ಒಂದೇ ಬಗೆಯ ಕಷ್ಟದಲ್ಲಿರುವವರೇ ಸ್ನೇಹಿತರಾಗಿರಬಹುದು. ಅಂಕಿಅಂಶದಲ್ಲಿ ಮೂರೂ ಒಂದೇ ಥರ ಕಾಣುತ್ತವೆ. ಇವನ್ನು ಬೇರ್ಪಡಿಸುವುದು ಎಷ್ಟು ಕಷ್ಟವೆಂದು ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಮ್ಯಾನ್ಸ್ಕಿ 1993ರಲ್ಲೇ ತೋರಿಸಿದರು.

ಒಂದು ದಾರಿ ತೆರೆದದ್ದು ಕರ್ನಾಟಕದ 75 ಹಳ್ಳಿಗಳಲ್ಲಿ. ಅಭಿಜಿತ್ ಬ್ಯಾನರ್ಜಿ, ಅರುಣ್ ಚಂದ್ರಶೇಖರ್, ಎಸ್ತರ್ ಡುಫ್ಲೋ, ಮ್ಯಾಥ್ಯೂ ಜಾಕ್ಸನ್ ತಂಡ, ಕಿರುಸಾಲ ಬರುವ ಮೊದಲೇ, ಯಾರು ಯಾರ ಮನೆಗೆ ಹೋಗುತ್ತಾರೆ, ಯಾರಿಂದ ಅಕ್ಕಿ, ಸೀಮೆಎಣ್ಣೆ ಕಡ ತರುತ್ತಾರೆ ಎಂದು ದಾಖಲಿಸಿತು. ಆಮೇಲೆ 43 ಹಳ್ಳಿಗಳಿಗೆ ಸಾಲಸಂಸ್ಥೆ ಬಂದು, ಶಿಕ್ಷಕರು, ಅಂಗಡಿಯವರಂಥ ಮುಖಂಡರಿಗೆ ಮೊದಲು ಸುದ್ದಿ ತಿಳಿಸಿತು. 2013ರ ಫಲಿತಾಂಶ: ಆ ಮುಖಂಡರು ನಂಟಿನ ಜಾಲದ ನಡುವೆ ಇದ್ದಲ್ಲಿ ಸಾಲ ಪಡೆದವರು ಹೆಚ್ಚು. ಆದರೆ ಸುದ್ದಿ ತಲುಪಿದ ಮೇಲೆ, ನೆರೆಯವರು ಸೇರಿದರೋ ಇಲ್ಲವೋ ಎಂಬುದು ಹೇಳಿಕೊಳ್ಳುವಷ್ಟು ಪ್ರಭಾವ ಬೀರಲಿಲ್ಲ. ಹರಡಿದ್ದು ಮಾಹಿತಿ, ಅನುಕರಣೆಯಲ್ಲ.

ಜಾಲದ ನಡುವಿನ ಮುಖಂಡರಿದ್ದ ಊರುಗಳೇ ಬೇರೆ ರೀತಿಯವಾಗಿದ್ದರೆ? ನ್ಯಾಯವಾದ ಆಕ್ಷೇಪ. ಅದಕ್ಕೇ ಇದೇ ತಂಡದ ನಾಲ್ವರೂ ರಾಜ್ಯದ 213 ಹಳ್ಳಿಗಳಲ್ಲಿ ಸುದ್ದಿ ಬಿತ್ತುವ ಬಗೆಯನ್ನು ಲಾಟರಿಯಂತೆ ಹಂಚಿದರು. 'ಸುದ್ದಿ ಹಬ್ಬಿಸುವುದರಲ್ಲಿ ಇವರೇ ಮುಂದು' ಎಂದು ಊರವರೇ ಹೆಸರಿಸಿದವರಿಂದ ಸುದ್ದಿ ಹೆಚ್ಚು ಹರಡಿತು. ಹಾಗಾಗಿ ಮುಂದೆ ಯಾರಾದರೂ 'ಸಹವಾಸದಿಂದಲೇ ಹೀಗಾಯಿತು' ಎಂದರೆ, ಒಂದೇ ಪ್ರಶ್ನೆ ಕೇಳಿ: ಯಾವುದರ ಜೊತೆ ಹೋಲಿಸಿ ಹೇಳುತ್ತಿದ್ದೀರಿ?