ನಡುದಾರಿಯಲ್ಲಿ ನಿಲ್ಲುವ ಹಳೆಯ ಮೋಟಾರು

1958ರಿಂದ 2014ರವರೆಗೆ ಬಂಗಾಳದ ಉತ್ತರಪಾರಾದಲ್ಲಿ ತಯಾರಾದ ಅಂಬಾಸಿಡರ್ ಮೋಟಾರುಗಳು ಇಂದಿಗೂ ಕೆಲವು ಮನೆಗಳಲ್ಲಿ ಉಳಿದಿವೆ. ವಯಸ್ಸಾದ ಇಂತಹ ಪೆಟ್ರೋಲು ಬಂಡಿಯು ಸ್ವಲ್ಪ ದೂರ ಸುಖವಾಗಿ ಓಡಿ, ತಟ್ಟನೆ ನಿಂತು, ತುಸು ತಣಿದ ಬಳಿಕ ಮತ್ತೆ ಹೊರಡುವುದುಂಟು. ಹೆಂಡಿರು ಮಕ್ಕಳೊಡನೆ ಘಟ್ಟದ ತಿರುವಿನಲ್ಲಿ ಹೀಗಾದರೆ ಅದು ಪ್ರಾಣಸಂಕಟವೇ ಸರಿ.

ಊಹೆಯಿಂದ ಒಂದೊಂದೇ ಭಾಗವನ್ನು ಬದಲಿಸುವುದು ದ್ರವ್ಯನಾಶಕ್ಕೆ ದಾರಿ. ತರ್ಕಶಾಸ್ತ್ರವು ಹೇಳುವ ಅನ್ವಯ–ವ್ಯತಿರೇಕ, ಎಂದರೆ ಕಾರಣವಿದ್ದರೆ ಕಾರ್ಯ, ಇಲ್ಲದಿದ್ದರೆ ಇಲ್ಲ ಎಂಬ ಪರೀಕ್ಷೆಯೇ ಇಲ್ಲಿಯೂ ಯುಕ್ತವೆಂದು ನಾವು ಭಾವಿಸುತ್ತೇವೆ. ಎಂಜಿನ್ನಿಗೆ ಪೆಟ್ರೋಲು ಬೇಕು, ಕಿಡಿ ಬೇಕು. ಯಾವುದು ತಪ್ಪಿತೆಂಬುದನ್ನು ನಿಂತ ಕ್ಷಣದಲ್ಲಿಯೇ ನೋಡಬೇಕು. ತಣಿದ ಮೇಲೆ ರೋಗಲಕ್ಷಣವೇ ಅಡಗುವುದು.

ಬಂಡಿಯನ್ನು ರಸ್ತೆಯಂಚಿಗೆ ಸರಿಸಿ, ಬೆಂಕಿಯನ್ನು ದೂರವಿಟ್ಟು, ಟ್ಯಾಂಕಿನ ಮುಚ್ಚಳವನ್ನು ತೆರೆಯಿರಿ. ಗಾಳಿ ಒಳನುಗ್ಗುವ ಸದ್ದಾಗಿ ಎಂಜಿನ್ನು ಕೂಡಲೆ ಹೊರಟರೆ, ಮುಚ್ಚಳದ ಗಾಳಿರಂಧ್ರ ಕಟ್ಟಿರಬಹುದು. ಪೆಟ್ರೋಲು ತೀರಿದಷ್ಟು ಗಾಳಿ ಒಳಬಾರದಿದ್ದರೆ ಟ್ಯಾಂಕಿನಲ್ಲಿ ನಿರ್ವಾತವುಂಟಾಗಿ ಪಂಪು ಎಳೆಯಲಾರದು. ರಂಧ್ರವನ್ನು ಶುದ್ಧಗೊಳಿಸಿದರೆ ಸಾಕು. ಹಾಗಲ್ಲದಿದ್ದರೆ, ಮುಚ್ಚಳವನ್ನು ಭದ್ರಪಡಿಸಿ, ಬಲ್ಲವರಿಂದ ಕಿಡಿಯನ್ನು ನೋಡಿಸಿರಿ. ಅದಿಲ್ಲವಾದರೆ, ಕಾವೇರಿದಾಗ ಮಾತ್ರ ಕೈಕೊಡುವ ಕಾಯಿಲು ಅಥವಾ ಕಂಡೆನ್ಸರಿನ ಮೇಲೆ ಸಂಶಯ ತಾಳಬೇಕು.

ಒಂದು ಸಲಕ್ಕೆ ಒಂದನ್ನೇ ಪರೀಕ್ಷಿಸುವ ಗೃಹಸ್ಥನಿಗೆ ಹಣವೂ ಉಳಿಯುವುದು, ಮನೆಮಂದಿಯ ಧೈರ್ಯವೂ ಉಳಿಯುವುದು.