ಎರಡು ಫೋಟೊಗಳ ನಡುವಿನ ನಾಲ್ಕು ಗಂಟೆ

ಯಳಂದೂರು ತಾಲ್ಲೂಕಿನ ಮಾಂಬಳ್ಳಿಯಲ್ಲಾಗಲಿ, ರಾಜ್ಯದ ಇನ್ಯಾವ ಊರಲ್ಲಾಗಲಿ, ಕೆರೆ ಹೂಳೆತ್ತುವ ನರೇಗಾ ಕೆಲಸಕ್ಕೆ ಇಳಿದವರು ದಿನಕ್ಕೆ ಎರಡು ಸಲ ಸಾಲಾಗಿ ನಿಲ್ಲಬೇಕು. ಕೂಲಿಕಾರರ ಗುಂಪು ನೋಡಿಕೊಳ್ಳುವ ಕಾಯಕ ಬಂಧು ಮೊಬೈಲಿನಲ್ಲಿ ಎನ್‌ಎಂಎಂಎಸ್ ಎಂಬ ಹಾಜರಿ ಆ್ಯಪ್ ತೆರೆದು, ಎನ್‌ಎಂಆರ್‌ ಎಂಬ ಹಾಜರಿ ಪಟ್ಟಿಯಲ್ಲಿರುವ ಹೆಸರುಗಳಿಗೆ ಹಾಜರಿ ಹಾಕಿ, ಫೋಟೊ ತೆಗೆಯುತ್ತಾರೆ. ನಾಲ್ಕು ಗಂಟೆ ಕಳೆದ ಮೇಲೆ ಇನ್ನೊಂದು ಫೋಟೊ. 2021ರ ಮೇ ತಿಂಗಳಲ್ಲಿ ಪ್ರಯೋಗವಾಗಿ ಬಂದ ಈ ಆ್ಯಪ್, ವೈಯಕ್ತಿಕ ಕಾಮಗಾರಿ ಬಿಟ್ಟು ಉಳಿದೆಲ್ಲಕ್ಕೂ 2023ರ ಜನವರಿ 1ರಿಂದ ಕಡ್ಡಾಯವಾಯಿತು. ಸಿಬ್ಬಂದಿ ಲೆಕ್ಕವಿಡುವ ತಂತ್ರಾಂಶ ಬೆಂಗಳೂರಿನ ಗಾಜಿನ ಕಟ್ಟಡಗಳಿಗಷ್ಟೇ ಸೇರಿದ್ದೆಂದುಕೊಂಡವರು ಈ ಕೆರೆಯಂಗಳವನ್ನೊಮ್ಮೆ ನೋಡಬೇಕು.

ಫೋಟೊ ಜೊತೆ ಅಕ್ಷಾಂಶ, ರೇಖಾಂಶ ಅಂಟಿಕೊಳ್ಳುತ್ತವಲ್ಲ, ಅದಕ್ಕೆ ಟವರ್ ಬೇಕಾಗಿಲ್ಲ. ಸುಮಾರು 20,200 ಕಿಲೋಮೀಟರ್ ಎತ್ತರದ ಜಿಪಿಎಸ್ ಉಪಗ್ರಹಗಳು ಹೊತ್ತು ಸಾರುತ್ತಲೇ ಇರುತ್ತವೆ. ಫೋನು ಕೇಳಿಸಿಕೊಳ್ಳುತ್ತದೆ, ಅಷ್ಟೆ. ನಾಲ್ಕು ಉಪಗ್ರಹಗಳ ಸಂಕೇತ ಎಷ್ಟು ತಡವಾಗಿ ಬಂತೆಂದು ಲೆಕ್ಕ ಹಾಕಿ ತಾನಿರುವ ಜಾಗ ಕಂಡುಕೊಳ್ಳುತ್ತದೆ. ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ತಪ್ಪಿದರೂ ಜಾಗ 300 ಮೀಟರ್ ಆಚೀಚೆ ಆಗಿಬಿಡುತ್ತದೆ. ಟವರ್ ಬೇಡವಾದ್ದರಿಂದ ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲಿ, ಅಂದರೆ ಕಾಡಿನ ಹಾಡಿಗಳಲ್ಲಿ, ಮೊಬೈಲ್ ಸಿಗ್ನಲ್ ಸಿಗದಿದ್ದರೂ ಚಿತ್ರ ತೆಗೆದಿಟ್ಟು, ನೆಟ್‌ವರ್ಕ್ ಬಂದಾಗ ಏರಿಸಲು ಆ್ಯಪ್‌ನಲ್ಲಿ ಅವಕಾಶವಿದೆ.

ಆದರೆ ಈ ಗುರುತು ಹೇಳುವುದು ಫೋನು ಎಲ್ಲಿತ್ತೆಂದು. ಫೋಟೊದಲ್ಲಿರುವವರು ಎಲ್ಲಿದ್ದರೆಂದು ಅಲ್ಲ. ಕಿಲಾಡಿಗಳು ಕಂಡುಕೊಂಡ ಕಿಂಡಿಯೇ ಇದು: ಹಳೇ ಫೋಟೊದ ಮುಂದೆ ಕ್ಯಾಮೆರಾ ಹಿಡಿದರಾಯಿತು! 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಇಂಥ ತಂತ್ರಗಳನ್ನು ಪಟ್ಟಿ ಮಾಡಿತು. ಪ್ರತಿ ಫೋಟೊವನ್ನೂ ಪಂಚಾಯಿತಿ ಮಟ್ಟದಲ್ಲಿ ಕಣ್ಣಾರೆ ನೋಡಬೇಕೆಂದು ಸೂಚಿಸಿತು. ಯಂತ್ರ ಕಾಯುವ ಕೆಲಸ ಮತ್ತೆ ಮನುಷ್ಯನ ಹೆಗಲಿಗೇ ಬಿತ್ತು.

ಅದೇ ವರ್ಷ ಆ್ಯಪ್‌ಗೆ ಮುಖ ನೋಡಿ ಇ-ಕೆವೈಸಿ ಮಾಡುವ ಸೌಲಭ್ಯವೂ ಸೇರಿತು. ಆಧಾರ್‌ನ ಮುಖ ದೃಢೀಕರಣದಲ್ಲಿ ಕಣ್ಣು ಮಿಟುಕಿಸಲು ಹೇಳುವುದು ಎದುರಿಗಿರುವುದು ಜೀವಂತ ಮುಖವೇ, ಚಿತ್ರವೇ ಎಂದು ತಿಳಿಯಲು. ಆಮೇಲೆ ಮುಖದ ಲಕ್ಷಣಗಳನ್ನು ಸಂಖ್ಯೆಗಳ ಸಾಲಾಗಿಸಿ ಆಧಾರ್ ಚಿತ್ರದೊಂದಿಗೆ ಹೋಲಿಸುತ್ತಾರೆ. ಅಲ್ಲಿ ಹೌದು-ಅಲ್ಲ ಎಂಬ ಖಡಾಖಂಡಿತ ಉತ್ತರವಿಲ್ಲ, ಹೋಲಿಕೆಯ ಅಂಕವಷ್ಟೇ ಇದೆ. ಪಾಸಾಗುವ ಅಂಕ ಏರಿಸಿದರೆ ಬಿಸಿಲಿಗೆ ಕಂದಿದ, ವಯಸ್ಸಿಗೆ ಸೊರಗಿದ ನಿಜವಾದ ಮುಖವೂ ಹೊರಬೀಳಬಹುದು; ಇಳಿಸಿದರೆ ಬೇರೆಯವರು ನುಸುಳಬಹುದು. ಆ ಗೆರೆ ಎಲ್ಲಿ ಎಳೆಯಬೇಕೆಂದು ಗುದ್ದಲಿ ಹಿಡಿದವರನ್ನು ಕೇಳುವವರಿಲ್ಲ.

2025ರ ಡಿಸೆಂಬರಿನಲ್ಲಿ ನರೇಗಾ ಬದಲಿಗೆ ಸಂಸತ್ತು ಒಪ್ಪಿದ, 125 ದಿನ ಕೆಲಸದ ಹೊಸ ಕಾಯ್ದೆಯಲ್ಲೂ ಬಯೊಮೆಟ್ರಿಕ್ ಗುರುತಿಗೆ ಜಾಗವಿದೆ.

ನನ್ನ ತಕರಾರು ಬೇರೆ. 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಆದರೆ ಆ ಪೂರ್ತಿ ದುಡ್ಡು ಕೈಗೆ ಬರಬೇಕಾದರೆ ಅಗೆದ ಮಣ್ಣಿನ ಅಳತೆ ಸರಿಹೊಂದಬೇಕು. ಎಂಜಿನಿಯರ್ ಟೇಪು ಹಿಡಿದು ಅಳೆದು ಅಳತೆ ಪುಸ್ತಕದಲ್ಲಿ ಬರೆಯಬೇಕು. ಕೂಲಿ ಗುಂಡಿಯ ಲೆಕ್ಕದಲ್ಲಿ, ಹಾಜರಿ ಮಾತ್ರ ಗಡಿಯಾರದ ಲೆಕ್ಕದಲ್ಲಿ. ತಂಪು ಹೊತ್ತಲ್ಲೇ ಬೇಗ ಬೇಗ ಅಗೆದು ಮುಗಿಸಿದ ಹೆಂಗಸರು ಮನೆಗೆ ಹೋಗಿ ಒಲೆ ಹಚ್ಚುವಂತಿಲ್ಲ. ಎರಡನೇ ಫೋಟೊ ಆಗುವವರೆಗೂ ಕೆರೆ ಏರಿ ಮೇಲೆ ಕೂತಿರಬೇಕು.